ಬಾನಿನ ಮನೆಗೆ ಬುತ್ತಿ ಹೊತ್ತ ನೌಕೆಗಳು



ಬಾಹ್ಯಾಕಾಶ ನಿಲ್ದಾಣ ಎಂದೊಡನೆ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತದೆ? ಬಿಳಿ ಉಡುಪು ತೊಟ್ಟ ಗಗನಯಾತ್ರಿಗಳು ಕೈಬೀಸುತ್ತಾ ರಾಕೆಟ್ಟಿನತ್ತ ನಡೆಯುವುದು, ಬೆಂಕಿಯುಗುಳುತ್ತಾ ರಾಕೆಟ್ ಮೇಲೇರುವುದು, ಆಮೇಲೆ ಅವರು ತೂಕವಿಲ್ಲದೆ ತೇಲಾಡುತ್ತಾ ನಗುವುದು - ಇವೇ ಅಲ್ಲವೆ? ಟೆಲಿವಿಷನ್ನಿನವರಾದ ನಾವು ನಿಮಗೆ ಹೆಚ್ಚಾಗಿ ತೋರಿಸುವುದೂ ಇದನ್ನೇ. ಮನುಷ್ಯನ ಮುಖ ಎಲ್ಲಿದೆಯೋ ಕ್ಯಾಮೆರಾ ಅಲ್ಲಿಗೆ ತಿರುಗುತ್ತದೆ.

ಆದರೆ ಅದೇ ನಿಲ್ದಾಣಕ್ಕೆ ಇನ್ನೊಂದು ಬಗೆಯ ನೌಕೆ ಹೋಗುತ್ತದೆ. ಅದರೊಳಗೆ ಯಾರೂ ಇರುವುದಿಲ್ಲ. ನೀರು, ಅನ್ನಾಹಾರ, ಗಾಳಿ, ಇಂಧನ, ಬಿಡಿಭಾಗ, ಮನೆಯವರ ಕಾಗದ - ಇವನ್ನು ತುಂಬಿಕೊಂಡು ಅದು ಸದ್ದಿಲ್ಲದೆ ಹೋಗಿ ನಿಲ್ದಾಣಕ್ಕೆ ಅಂಟಿಕೊಳ್ಳುತ್ತದೆ. ಮನುಷ್ಯ ಬಾನಿನಲ್ಲಿ ಕೆಲವು ದಿನ ಇದ್ದು ಬರುವುದಕ್ಕೂ ತಿಂಗಳುಗಟ್ಟಲೆ ಸಂಸಾರ ಹೂಡುವುದಕ್ಕೂ ಇರುವ ವ್ಯತ್ಯಾಸ ಈ ಸಾಮಾನು ನೌಕೆಯಿಂದಲೇ ಉಂಟಾಯಿತು. ಇವತ್ತು ಆ ಕಥೆಯನ್ನು ನೋಡೋಣ.

ಬುತ್ತಿ ಮುಗಿದರೆ ಮನೆಯೂ ಮುಗಿಯಿತು

ಜಗತ್ತಿನ ಮೊದಲ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್-1. ಸೋವಿಯತ್ ಒಕ್ಕೂಟ ಅದನ್ನು 1971ರ ಏಪ್ರಿಲ್ 19ರಂದು ಹಾರಿಸಿತು. ಜೂನ್ ತಿಂಗಳಲ್ಲಿ ದೊಬ್ರೊವೊಲ್‌ಸ್ಕಿ, ವೋಲ್ಕೊವ್ ಮತ್ತು ಪತ್ಸಾಯೆವ್ ಎಂಬ ಮೂವರು ಸೋಯುಜ್-11 ನೌಕೆಯಲ್ಲಿ ಹೋಗಿ ಅಲ್ಲಿ ಮೂರು ವಾರ ಕಳೆದರು. ಹಿಂದಿರುಗುವಾಗ ನೌಕೆಯ ಭಾಗಗಳು ಬೇರ್ಪಡುವ ಹೊತ್ತಿನಲ್ಲಿ ಒಂದು ಕವಾಟ ತೆರೆದುಕೊಂಡು ಒಳಗಿನ ಗಾಳಿಯೆಲ್ಲ ಸೋರಿಹೋಯಿತು. ನೌಕೆ ನೆಲಕ್ಕೆ ಸುರಕ್ಷಿತವಾಗಿಯೇ ಇಳಿಯಿತು. ಒಳಗಿದ್ದ ಮೂವರೂ ಬದುಕಿರಲಿಲ್ಲ. ಅವರು ಒತ್ತಡ ಕಾಪಾಡುವ ಉಡುಪು ಧರಿಸಿರಲಿಲ್ಲ. ಮೂವರು ಕುಳಿತ ಆ ಸಣ್ಣ ಕೋಣೆಯಲ್ಲಿ ಉಡುಪಿಗೆ ಜಾಗವೇ ಇರಲಿಲ್ಲ.

ಈ ದುರಂತದ ನಂತರ ಉಡುಪು ಕಡ್ಡಾಯವಾಯಿತು. ಉಡುಪು ಮತ್ತು ಅದಕ್ಕೆ ಗಾಳಿ ಒದಗಿಸುವ ಸಾಧನಗಳು ಮೂರನೆಯವನ ಜಾಗವನ್ನು ತಿಂದುಹಾಕಿದವು. ಮುಂದೆ ಸುಮಾರು ಹತ್ತು ವರ್ಷ ಸೋಯುಜ್‌ನಲ್ಲಿ ಹೋದವರು ಇಬ್ಬರೇ. ಇಬ್ಬರಿಗೇ ಇಕ್ಕಟ್ಟಾದ ನೌಕೆಯಲ್ಲಿ ಸಾಮಾನು ಒಯ್ಯುವುದೆಲ್ಲಿಂದ ಬಂತು? ಆದ್ದರಿಂದ ನಿಲ್ದಾಣವನ್ನು ಹಾರಿಸುವಾಗ ಏನು ತುಂಬಿರುತ್ತಾರೋ ಅಷ್ಟರಲ್ಲೇ ಬದುಕು.

ಅಮೆರಿಕದ ಸ್ಕೈಲ್ಯಾಬ್ ಕೂಡ ಇದೇ ರೀತಿಯದು. 1973ರ ಮೇ 14ರಂದು ಹಾರಿದ ಈ ದೊಡ್ಡ ನಿಲ್ದಾಣದಲ್ಲಿ ಮೂರು ತಂಡಗಳಿಗೆ ಬೇಕಾದ ಆಹಾರ, ನೀರನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮೊದಲೇ ತುಂಬಿ ಕಳಿಸಿದ್ದರು. ಆ ತಂಡಗಳು ಕ್ರಮವಾಗಿ 28, 59 ಮತ್ತು 84 ದಿನ ಇದ್ದು ಬಂದವು. 1974ರ ಫೆಬ್ರವರಿಯ ನಂತರ ಅಲ್ಲಿಗೆ ಯಾರೂ ಹೋಗಲಿಲ್ಲ. 1979ರ ಜುಲೈ 11ರಂದು ಅದು ಕೆಳಗಿಳಿದು, ಉರಿದು ಉಳಿದ ಚೂರುಗಳು ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಬಿದ್ದವು.

ಅಷ್ಟು ಎತ್ತರದ ವಸ್ತು ಏಕೆ ಬೀಳಬೇಕು ಎಂದು ನೀವು ಕೇಳಬಹುದು. ನಾಲ್ಕುನೂರು ಕಿಲೋಮೀಟರ್ ಮೇಲೂ ಗಾಳಿಯ ಅಣುಗಳು ಅಷ್ಟಿಷ್ಟು ಇರುತ್ತವೆ. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಓಡುವ ನಿಲ್ದಾಣವನ್ನು ಅವು ದಿನವೂ ಸ್ವಲ್ಪ ಸ್ವಲ್ಪ ತಡೆಯುತ್ತವೆ. ಪರಿಣಾಮವಾಗಿ ನಿಲ್ದಾಣ ಮೆಲ್ಲಗೆ ಕೆಳಗಿಳಿಯುತ್ತಲೇ ಇರುತ್ತದೆ. ಆಗಾಗ ಎಂಜಿನ್ ಉರಿಸಿ ಮೇಲಕ್ಕೆ ತಳ್ಳಬೇಕು; ಅದಕ್ಕೆ ಇಂಧನ ಬೇಕು. ಇನ್ನು ಮನುಷ್ಯನ ಲೆಕ್ಕ. ಉಸಿರಾಟಕ್ಕೇ ಒಬ್ಬನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಅದರ ಮೇಲೆ ಆಹಾರ, ಅದರ ಮೇಲೆ ನೀರು. ಇಬ್ಬರು ಮೂರು ತಿಂಗಳು ಇರಬೇಕಾದರೆ ಎಷ್ಟಾಯಿತು ಎಂದು ನೀವೇ ಗುಣಿಸಿ ನೋಡಿ. ಎಲ್ಲವನ್ನೂ ಮೊದಲೇ ತುಂಬುವುದಕ್ಕೆ ಒಂದು ಮಿತಿ ಇದ್ದೇ ಇರುತ್ತದೆ.

ಎರಡನೆಯ ಬಾಗಿಲು

ಈ ಮಿತಿಯನ್ನು ದಾಟಿದ್ದು 1977ರ ಸೆಪ್ಟೆಂಬರ್ 29ರಂದು ಹಾರಿದ ಸಲ್ಯೂತ್-6. ಹೊರನೋಟಕ್ಕೆ ಹಿಂದಿನವುಗಳಂತೆಯೇ ಇದ್ದ ಅದರ ವೈಶಿಷ್ಟ್ಯ ಹಿಂಭಾಗದಲ್ಲಿತ್ತು - ಎರಡನೆಯ ಜೋಡಣಾ ದ್ವಾರ. ಒಂದು ಬಾಗಿಲಿಗೆ ಮನುಷ್ಯರು ಬಂದ ನೌಕೆ ಅಂಟಿಕೊಂಡಿದ್ದರೂ ಇನ್ನೊಂದು ಬಾಗಿಲು ಅತಿಥಿಗೋ ಸಾಮಾನಿಗೋ ತೆರೆದಿರುತ್ತಿತ್ತು.

ಆ ವರ್ಷದ ಡಿಸೆಂಬರ್‌ನಲ್ಲಿ ಯೂರಿ ರೊಮನೆಂಕೊ ಮತ್ತು ಗ್ರೆಚ್ಕೊ ಅಲ್ಲಿಗೆ ಹೋದರು. 1978ರ ಜನವರಿ 20ರಂದು ಪ್ರೊಗ್ರೆಸ್-1 ಎಂಬ ನೌಕೆ ಹಾರಿ, 22ರಂದು ಹಿಂಬಾಗಿಲಿಗೆ ತಾನಾಗಿಯೇ ಬಂದು ಜೋಡಿಸಿಕೊಂಡಿತು. ಸೋಯುಜ್‌ನ ವಿನ್ಯಾಸವನ್ನೇ ಬದಲಿಸಿ ಇದನ್ನು ಮಾಡಿದ್ದರು. ಯಾತ್ರಿಕರು ಕುಳಿತು ಭೂಮಿಗೆ ಮರಳುವ ಭಾಗವನ್ನು ತೆಗೆದು ಅಲ್ಲಿ ಇಂಧನದ ತೊಟ್ಟಿಗಳನ್ನಿಟ್ಟರು. ಒಟ್ಟು ಸುಮಾರು 7 ಟನ್ ತೂಕದ ನೌಕೆ. ಒಯ್ದ ಸರಕು ಸುಮಾರು 2.3 ಟನ್.

ಇಂಧನವನ್ನು ತುಂಬಿದ ರೀತಿ ಸ್ವಾರಸ್ಯವಾಗಿದೆ. ತೂಕವಿಲ್ಲದ ಕಡೆ ದ್ರವ ಪಾತ್ರೆಯ ತಳದಲ್ಲಿ ನಿಲ್ಲುವುದಿಲ್ಲ, ಗಾಳಿಗುಳ್ಳೆಗಳ ಜೊತೆ ಬೆರೆತು ತೇಲುತ್ತದೆ. ಅದಕ್ಕಾಗಿ ನಿಲ್ದಾಣದ ತೊಟ್ಟಿಯೊಳಗೆ ಕಮ್ಮಾರನ ತಿದಿಯಂತೆ ಹಿಗ್ಗಿ ಕುಗ್ಗುವ ತಡೆಗೋಡೆ ಇಟ್ಟಿದ್ದರು. ಅದರ ಒಂದು ಕಡೆ ಇಂಧನ, ಇನ್ನೊಂದು ಕಡೆ ಸಾರಜನಕ ಅನಿಲ. ಮೊದಲು ಅನಿಲವನ್ನು ಪಂಪಿನಿಂದ ಹೊರಗೆಳೆದು ತೊಟ್ಟಿಯ ಒತ್ತಡ ತಗ್ಗಿಸುವುದು, ಆಮೇಲೆ ಪ್ರೊಗ್ರೆಸ್‌ನಿಂದ ಇಂಧನವನ್ನು ಒಳಕ್ಕೆ ನೂಕುವುದು. ಕಕ್ಷೆಯಲ್ಲಿ ಸುತ್ತುತ್ತಿರುವ ನಿಲ್ದಾಣವೊಂದಕ್ಕೆ ಇಂಧನ ತುಂಬಿದ್ದು ಅದೇ ಮೊದಲು. ರೊಮನೆಂಕೊ ಮತ್ತು ಗ್ರೆಚ್ಕೊ ಒಟ್ಟು 96 ದಿನ ಇದ್ದು ಸ್ಕೈಲ್ಯಾಬ್‌ನ 84 ದಿನಗಳ ದಾಖಲೆಯನ್ನು ಮುರಿದರು.

ಸರಕು ಇಳಿಸಿದ ಮೇಲೆ ಪ್ರೊಗ್ರೆಸ್‌ನ ಕೆಲಸ ಮುಗಿಯಲಿಲ್ಲ. ನಿಲ್ದಾಣದ ಕಸವನ್ನೆಲ್ಲ ಅದಕ್ಕೇ ತುಂಬಿದರು. ಅದು ಕಸ ಹೊತ್ತು ಹೊರಟು ವಾತಾವರಣದಲ್ಲಿ ಉರಿದು ಬೂದಿಯಾಯಿತು. ಸಲ್ಯೂತ್-6ಕ್ಕೆ ಇಂಥ 12 ನೌಕೆಗಳು ಹೋದವು. ಅವು ಒಯ್ದದ್ದು ಬರಿಯ ದಿನಸಿಯಲ್ಲ. ಕಾಗದ, ಪತ್ರಿಕೆ ಹೋದವು. 1978ರ ಆಗಸ್ಟ್‌ನಲ್ಲಿ ಪ್ರೊಗ್ರೆಸ್-3ರಲ್ಲಿ ಗಗನಯಾತ್ರಿ ಇವಾನ್ಚೆಂಕೊವ್ ಅವರ ಗಿಟಾರೂ ಹೋಯಿತು.

ಇಲ್ಲಿ ಜೋಡಣೆಯ ಬಗ್ಗೆ ಒಂದು ಮಾತು. ಮುಂದೆ ಹೋಗುತ್ತಿರುವ ಬಸ್ಸನ್ನು ಹಿಡಿಯಲು ನೀವು ವೇಗ ಹೆಚ್ಚಿಸುತ್ತೀರಿ. ಕಕ್ಷೆಯಲ್ಲಿ ಹಾಗೆ ಮಾಡಿದರೆ ನೌಕೆ ಇನ್ನೂ ಎತ್ತರದ ಕಕ್ಷೆಗೆ ಏರಿ, ಸುತ್ತು ದೊಡ್ಡದಾಗಿ, ಹಿಂದೆ ಬೀಳುತ್ತದೆ. ನಿಲ್ದಾಣವನ್ನು ಹಿಡಿಯಬೇಕಾದರೆ ಮೊದಲು ಅದಕ್ಕಿಂತ ಕೆಳಗಿನ ಕಕ್ಷೆಯಲ್ಲಿರಬೇಕು. ಅಲ್ಲಿ ಸುತ್ತು ಚಿಕ್ಕದು, ವೇಗ ಹೆಚ್ಚು. ಹತ್ತಿರವಾದಂತೆ ಮೆಲ್ಲಗೆ ಮೇಲೇರಬೇಕು. ಕೊನೆಯ ಕ್ಷಣದಲ್ಲಿ ಎರಡರ ನಡುವಿನ ವೇಗದ ವ್ಯತ್ಯಾಸ ಮನುಷ್ಯ ನಿಧಾನವಾಗಿ ನಡೆಯುವುದಕ್ಕಿಂತ ಕಡಿಮೆ ಇರಬೇಕು. ನೌಕೆಯ ಮೂತಿಯಲ್ಲಿರುವ ಕೋಲು ನಿಲ್ದಾಣದ ಆಲಿಕೆಯಂಥ ಬಾಯಿಗೆ ಸೇರಿ ಕೊಂಡಿ ಬೀಳುತ್ತದೆ. ಒಳಗೆ ಯಾರೂ ಇಲ್ಲದೆ, ರೇಡಿಯೋ ಸಂಕೇತಗಳನ್ನೇ ನಂಬಿ ಪ್ರೊಗ್ರೆಸ್ ಇದನ್ನೆಲ್ಲ ಮಾಡುತ್ತದೆ.

ರಾಕೇಶ್ ಶರ್ಮಾ ಹೋದ ಬಾಗಿಲು

ಮನುಷ್ಯರ ಪಯಣಕ್ಕೂ ಸರಕಿನ ಪಯಣಕ್ಕೂ ಇರುವ ನಂಟನ್ನು ನಮ್ಮವರ ಕಥೆಯಲ್ಲೇ ನೋಡಬಹುದು. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಅವರು ಮಾಲಿಶೆವ್ ಮತ್ತು ಸ್ತ್ರೆಕಾಲೊವ್ ಜೊತೆ ಸೋಯುಜ್ ಟಿ-11ರಲ್ಲಿ ಬೈಕನೂರಿನಿಂದ ಹೊರಟು, ಮರುದಿನ ಸಲ್ಯೂತ್-7 ತಲುಪಿದರು. ಇಂದಿರಾ ಗಾಂಧಿಯವರ ಪ್ರಶ್ನೆಗೆ ಅವರು ಇಕ್ಬಾಲರ ಕವಿತೆಯ ಸಾಲಿನಿಂದ ಉತ್ತರಿಸಿದ್ದನ್ನು ಮನೆಯ ಹಿರಿಯರು ನಿಮಗೆ ಹೇಳಿರಬಹುದು. ಹೇಳದೆ ಉಳಿದ ಸಂಗತಿ ಇದು: ಅವರ ನೌಕೆ ಜೋಡಿಸಿಕೊಂಡ ಹಿಂಬಾಗಿಲಿನಲ್ಲಿ ಕೆಲವೇ ದಿನಗಳ ಹಿಂದಿನವರೆಗೂ ಪ್ರೊಗ್ರೆಸ್-19 ನಿಂತಿತ್ತು. ಮಾರ್ಚ್ 31ರಂದು ಅದು ಬಾಗಿಲು ಬಿಟ್ಟುಕೊಟ್ಟ ಮೇಲೆಯೇ ಭಾರತದ ಅತಿಥಿಗೆ ಜಾಗವಾಯಿತು. ಒಳಗಿದ್ದ ಕಿಜಿಮ್, ಸೊಲೊವ್ಯೊವ್, ಅತ್ಕೊವ್ ಸೇರಿ ಆರು ಜನ ಒಂದು ವಾರ ಉಂಡು, ಉಸಿರಾಡಿದ್ದು ಹೀಗೆ ಬಂದ ಸಾಮಾನಿನ ಬಲದಿಂದ.

ಏಪ್ರಿಲ್ 11ರಂದು ಶರ್ಮಾ ಹಿಂದಿರುಗಿದ್ದು ತಾವು ಹೋದ ನೌಕೆಯಲ್ಲಲ್ಲ, ಹಳೆಯ ಟಿ-10ರಲ್ಲಿ. ಏಕೆಂದರೆ ಸೋಯುಜ್ ನೌಕೆ ಕಕ್ಷೆಯಲ್ಲಿ ಕೆಲವು ತಿಂಗಳು ಮಾತ್ರ ಭರವಸೆಯಿಂದ ಇರಬಲ್ಲದು. ಅತಿಥಿಗಳು ಹೊಸದನ್ನು ಬಿಟ್ಟು ಹಳೆಯದನ್ನು ಒಯ್ದರೆ, ಉಳಿದವರಿಗೆ ಮರಳುವ ದಾರಿ ಗಟ್ಟಿಯಾಗಿರುತ್ತದೆ. ಅತಿಥಿಯ ಭೇಟಿ ಎಂಬುದೂ ಒಂದು ರೀತಿಯ ಸರಬರಾಜೇ.

ಈ ಏರ್ಪಾಡು ಕೈಕೊಟ್ಟಾಗ ಏನಾಗುತ್ತದೆ? 1979ರ ಏಪ್ರಿಲ್‌ನಲ್ಲಿ ಸೋಯುಜ್-33ರ ಎಂಜಿನ್ ನಿಲ್ದಾಣದ ಹತ್ತಿರ ಕೆಟ್ಟು, ಅತಿಥಿಗಳು ಜೋಡಣೆಯಾಗದೆ ಮರಳಿದರು. ಸಲ್ಯೂತ್-6ರಲ್ಲಿದ್ದ ಲ್ಯಾಖೊವ್ ಮತ್ತು ರ‍್ಯೂಮಿನ್ ಬಳಿಯಿದ್ದ ನೌಕೆಯಲ್ಲೂ ಅದೇ ಬಗೆಯ ಎಂಜಿನ್. ಅದನ್ನು ನಂಬುವುದು ಹೇಗೆ? ಜೂನ್ 6ರಂದು ಸೋಯುಜ್-34 ಅನ್ನು ಮನುಷ್ಯರಿಲ್ಲದೆ ಕಳಿಸಿದರು. ಆಗಸ್ಟ್‌ನಲ್ಲಿ, 175 ದಿನಗಳ ವಾಸದ ನಂತರ, ಅವರಿಬ್ಬರೂ ಅದರಲ್ಲೇ ಇಳಿದರು. ನಲವತ್ತಾರು ವರ್ಷಗಳ ತರುವಾಯ ಚೀನಾದ ತಿಯಾನ್‌ಗಾಂಗ್ ನಿಲ್ದಾಣದಲ್ಲಿ ಇದೇ ಕಥೆ ನಡೆಯಿತು. ಶೆನ್‌ಝೌ-20 ನೌಕೆಯ ಕಿಟಕಿಯಲ್ಲಿ ಬಿರುಕು ಕಂಡದ್ದರಿಂದ ಅದರ ಯಾತ್ರಿಕರು 2025ರ ನವೆಂಬರ್ 14ರಂದು ಬೇರೆ ತಂಡದ ನೌಕೆಯಲ್ಲಿ ಇಳಿದರು. ಮೇಲುಳಿದ ಮೂವರಿಗಾಗಿ ನವೆಂಬರ್ 25ರಂದು ಶೆನ್‌ಝೌ-22 ಯಾತ್ರಿಕರಿಲ್ಲದೆ, ಸರಕು ತುಂಬಿಕೊಂಡು ಹೋಯಿತು.

ಹೆಪ್ಪುಗಟ್ಟಿದ ಮನೆ

1985ರ ಫೆಬ್ರವರಿ 11ರಂದು ಸಲ್ಯೂತ್-7ರ ಸಂಪರ್ಕ ಕಡಿದುಹೋಯಿತು. ಆಗ ಅಲ್ಲಿ ಯಾರೂ ಇರಲಿಲ್ಲ. ನಿಲ್ದಾಣ ಕತ್ತಲಲ್ಲಿ, ಚಳಿಯಲ್ಲಿ, ಮಾತಿಲ್ಲದೆ ಸುತ್ತುತ್ತಿತ್ತು. ಸಾಮಾನು ನೌಕೆ ಅಲ್ಲಿ ನಿರುಪಯೋಗಿ, ಏಕೆಂದರೆ ನಿಲ್ದಾಣದಿಂದ ಸಂಕೇತ ಬಾರದೆ ಅದಕ್ಕೆ ದಾರಿ ತಿಳಿಯದು. ಇಂಥ ಕಡೆ ಮನುಷ್ಯನೇ ಹೋಗಬೇಕು. ಜೂನ್ 6ರಂದು ಝಾನಿಬೆಕೊವ್ ಮತ್ತು ಸವಿನಿಖ್ ಸೋಯುಜ್ ಟಿ-13ರಲ್ಲಿ ಹೊರಟರು. ಕೈಯಲ್ಲಿ ಹಿಡಿಯುವ ಲೇಸರ್ ಸಾಧನದಿಂದ ದೂರ ಅಳೆಯುತ್ತಾ, ಕಿಟಕಿಯಲ್ಲಿ ನೋಡುತ್ತಾ, 8ರಂದು ಝಾನಿಬೆಕೊವ್ ನೌಕೆಯನ್ನು ಕೈಯಾರೆ ಜೋಡಿಸಿದರು.

ಒಳಗೆ ಗೋಡೆಗಳ ಮೇಲೆ ಹಿಮ, ಕೊಳವೆಗಳಲ್ಲಿ ನೀರು ಗಡ್ಡೆ. ಫ್ಯಾನುಗಳು ನಿಂತಿದ್ದವು. ತೂಕವಿಲ್ಲದ ಕಡೆ ಬಿಸಿಗಾಳಿ ಮೇಲೇರುವುದಿಲ್ಲವಾದ್ದರಿಂದ, ಫ್ಯಾನು ತಿರುಗದಿದ್ದರೆ ಬಿಟ್ಟ ಉಸಿರು ಮುಖದ ಸುತ್ತಲೇ ನಿಂತು ಉಸಿರುಗಟ್ಟಿಸುತ್ತದೆ. ಉಣ್ಣೆಯ ಟೋಪಿ ತೊಟ್ಟು ಕೆಲಸಕ್ಕಿಳಿದ ಅವರು ದೋಷವನ್ನು ಕಂಡುಹಿಡಿದರು: ಬ್ಯಾಟರಿಯ ಮಟ್ಟ ಅಳೆಯುವ ಒಂದು ಸಂವೇದಕ ಕೆಟ್ಟು, ಸೌರಫಲಕದಿಂದ ವಿದ್ಯುತ್ ಬರುವುದೇ ನಿಂತಿತ್ತು. ಬ್ಯಾಟರಿಗಳಿಗೆ ಫಲಕಗಳಿಂದ ನೇರವಾಗಿ ತಂತಿ ಜೋಡಿಸಿ ಅವುಗಳನ್ನು ಎಬ್ಬಿಸಿದರು. ಆದರೆ ಒಯ್ದ ನೀರು ಕೆಲವೇ ದಿನಗಳಿಗೆ ಸಾಕಾಗುವಷ್ಟಿತ್ತು. ಕೊಳವೆಯ ನೀರು ಕರಗಬೇಕು, ನಿಲ್ದಾಣದ ರೇಡಿಯೋ ಏಳಬೇಕು, ಆಗಷ್ಟೇ ಸರಕು ಬರಲು ಸಾಧ್ಯ. ಎರಡೂ ಸಾಧ್ಯವಾಯಿತು. ಜೂನ್ 23ರಂದು ಪ್ರೊಗ್ರೆಸ್-24 ನೀರು, ಇಂಧನ, ಬಿಡಿಭಾಗಗಳೊಂದಿಗೆ ತಾನಾಗಿ ಬಂದು ಜೋಡಿಸಿಕೊಂಡಿತು. ಸತ್ತ ಮನೆ ಬದುಕಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಬುತ್ತಿ ತಂದದ್ದೇ ಬಡಿದಾಗ

ಉಪಕಾರಿಯಾದ ನೌಕೆ ಅಪಾಯವನ್ನೂ ತರಬಲ್ಲದು. 1997ರ ಜೂನ್ 25ರಂದು ರಷ್ಯದ ಮಿರ್ ನಿಲ್ದಾಣದಲ್ಲಿ ಒಂದು ಪ್ರಯೋಗ ನಡೆಯಿತು. ಬೇರ್ಪಡಿಸಿದ್ದ ಪ್ರೊಗ್ರೆಸ್ ಎಂ-34 ನೌಕೆಯನ್ನು ನಿಲ್ದಾಣದೊಳಗೆ ಕುಳಿತು, ಕೈಹಿಡಿಯ ಮೂಲಕ ನಡೆಸಿ ಮತ್ತೆ ಜೋಡಿಸಬೇಕಿತ್ತು. ನೌಕೆಯ ಕ್ಯಾಮೆರಾ ಕಳಿಸುವ ಚಿತ್ರವನ್ನು ತ್ಸಿಬ್ಲಿಯೆವ್ ಟೆಲಿವಿಷನ್ ಪರದೆಯ ಮೇಲೆ ನೋಡುತ್ತಿದ್ದರು. ದೂರ ಹೇಳುವ ರೇಡಾರ್ ವ್ಯವಸ್ಥೆಯನ್ನು ಆ ಪ್ರಯೋಗಕ್ಕಾಗಿ ನಿಲ್ಲಿಸಲಾಗಿತ್ತು. ಕೆಳಗಿನ ಬಿಳಿ ಮೋಡಗಳ ಹಿನ್ನೆಲೆಯಲ್ಲಿ ಮಿರ್‌ನ ಆಕಾರ ಪರದೆಯ ಮೇಲೆ ಸ್ಪಷ್ಟವಾಗಲಿಲ್ಲ. ದೃಶ್ಯ ಮಾಧ್ಯಮದಲ್ಲಿ ಕೆಲಸ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ: ಪರದೆ ವಸ್ತುವನ್ನು ತೋರಿಸುತ್ತದೆ, ಅದರ ದೂರವನ್ನು ಹೇಳುವುದಿಲ್ಲ.

ಏಳು ಟನ್ನಿನ ನೌಕೆ ಬೇಗನೆ ನಿಲ್ಲಲಿಲ್ಲ. ಅದು ಸ್ಪೆಕ್ಟರ್ ಎಂಬ ಕೋಣೆಗೂ ಅದರ ಸೌರಫಲಕಕ್ಕೂ ಬಡಿಯಿತು. ಗಾಳಿ ಸೋರತೊಡಗಿ ಕಿವಿಯಲ್ಲಿ ಒತ್ತಡದ ಬದಲಾವಣೆ ತಿಳಿಯಿತು. ಬಾಗಿಲು ಮುಚ್ಚೋಣವೆಂದರೆ ಅದರ ಮೂಲಕ ವಿದ್ಯುತ್ ತಂತಿಗಳು ಹಾದುಹೋಗಿದ್ದವು. ಲಜುತ್ಕಿನ್ ಮತ್ತು ಮೈಕೆಲ್ ಫೋಲ್ ತಂತಿಗಳನ್ನು ಬಿಡಿಸಿ, ಬಾರದವನ್ನು ಕತ್ತರಿಸಿ, ಸ್ಪೆಕ್ಟರ್‌ಗೆ ಮುಚ್ಚಳ ಹಾಕಿದರು. ಮೂವರೂ ಉಳಿದರು. ಜುಲೈನಲ್ಲಿ ಇನ್ನೊಂದು ಪ್ರೊಗ್ರೆಸ್ ದುರಸ್ತಿಯ ಸಾಮಾನು ಹೊತ್ತು ಹೋಯಿತು. 2001ರ ಮಾರ್ಚ್ 23ರಂದು ಹದಿನೈದು ವರ್ಷ ಪೂರೈಸಿದ ಮಿರ್ ಅನ್ನು ಶಾಂತಸಾಗರಕ್ಕೆ ಇಳಿಸಿದ್ದೂ ಒಂದು ಪ್ರೊಗ್ರೆಸ್ ನೌಕೆಯ ಎಂಜಿನ್ನೇ.

ಅಡುಗೆಮನೆಯ ಡಬ್ಬಿ ಖಾಲಿಯಾದ ದಿನಗಳು

ಅಷ್ಟರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಎದ್ದಿತ್ತು. 1998ರ ನವೆಂಬರ್‌ನಲ್ಲಿ ಅದರ ಮೊದಲ ಭಾಗ ಹಾರಿತು. 2000ದ ನವೆಂಬರ್ 2ರಂದು ಮೊದಲ ತಂಡ ಕಾಲಿಟ್ಟಿತು. ಆ ದಿನದಿಂದ ಅಲ್ಲಿ ದೀಪ ಆರಿಲ್ಲ. ಆದರೆ ಎರಡು ಸಲ ಸರಬರಾಜಿನ ಸರಪಳಿ ಕಡಿಯುವಂತಾಯಿತು.

ಮೊದಲನೆಯದು 2003ರ ಫೆಬ್ರವರಿ 1ರಂದು. ಕಲ್ಪನಾ ಚಾವ್ಲಾ ಸೇರಿ ಏಳು ಜನರಿದ್ದ ಕೊಲಂಬಿಯಾ ನೌಕೆ ಹಿಂದಿರುಗುವಾಗ ಒಡೆದುಹೋಯಿತು. ಆ ಪಯಣ ನಿಲ್ದಾಣಕ್ಕೆ ಹೋದದ್ದಲ್ಲ. ಆದರೂ ದುರಂತದ ನಂತರ ಎಲ್ಲ ಶಟಲ್‌ಗಳ ಹಾರಾಟ ನಿಂತಿತು. ಟನ್ನುಗಟ್ಟಲೆ ಸಾಮಾನು ಒಯ್ಯುತ್ತಿದ್ದ ವಾಹನವೇ ಇಲ್ಲವಾಯಿತು. ಪ್ರೊಗ್ರೆಸ್ ಒಂದರಿಂದಲೇ ಮೂವರನ್ನು ಸಾಕಲಾಗದೆ ನಿಲ್ದಾಣದ ಸಿಬ್ಬಂದಿಯನ್ನು ಇಬ್ಬರಿಗೆ ಇಳಿಸಿದರು. 2004ರ ಕೊನೆಗೆ ಲೆರಾಯ್ ಚಿಯಾವ್ ಮತ್ತು ಶಾರಿಪೊವ್ ಅಲ್ಲಿದ್ದಾಗ ಆಹಾರದ ದಾಸ್ತಾನು ಲೆಕ್ಕಕ್ಕಿಂತ ಕಡಿಮೆ ಇರುವುದು ಗೊತ್ತಾಯಿತು. ಊಟ ತಗ್ಗಿಸಿಕೊಳ್ಳಿ ಎಂದು ನೆಲದಿಂದ ಸೂಚನೆ ಹೋಯಿತು. ಮುಂದಿನ ನೌಕೆ ತಲುಪದಿದ್ದರೆ ಇಬ್ಬರೂ ನಿಲ್ದಾಣ ಬಿಟ್ಟು ಬರಬೇಕಾಗಿತ್ತು. ಡಿಸೆಂಬರ್‌ನ ಕೊನೆಯ ವಾರ ಪ್ರೊಗ್ರೆಸ್ ತಲುಪಿತು.

ಎರಡನೆಯದು 2014-15ರಲ್ಲಿ. 2014ರ ಅಕ್ಟೋಬರ್ 28ರಂದು ಅಮೆರಿಕದ ಸಿಗ್ನಸ್ ಸರಕು ನೌಕೆ ಹೊತ್ತ ರಾಕೆಟ್ ನೆಲ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಸ್ಫೋಟಿಸಿತು. 2015ರ ಏಪ್ರಿಲ್ 28ರಂದು ಹಾರಿದ ಪ್ರೊಗ್ರೆಸ್ ಕಕ್ಷೆಯಲ್ಲಿ ಬುಗುರಿಯಂತೆ ತಿರುಗಿ, ನಿಲ್ದಾಣ ಸೇರದೆ ಉರಿದುಹೋಯಿತು. ಜೂನ್ 28ರಂದು ಡ್ರ್ಯಾಗನ್ ನೌಕೆಯ ರಾಕೆಟ್ ಎರಡು ನಿಮಿಷ ಚಿಲ್ಲರೆಯಲ್ಲಿ ಛಿದ್ರವಾಯಿತು. ಎಂಟು ತಿಂಗಳಲ್ಲಿ ಮೂರು ಬುತ್ತಿ ನಾಶ. ಆದರೂ ಈ ಸಲ ಯಾರೂ ಅರೆಹೊಟ್ಟೆ ಉಣ್ಣಲಿಲ್ಲ. 2004ರ ಪಾಠ ಕಲಿತವರು ತಿಂಗಳುಗಳಿಗಾಗುವ ದಾಸ್ತಾನು ಇಟ್ಟಿದ್ದರು. ಒಂದೇ ದೇಶದ ನೌಕೆಯನ್ನು ನೆಚ್ಚದೆ ರಷ್ಯ, ಅಮೆರಿಕ, ಜಪಾನ್ ಹೀಗೆ ಹಲವು ದಾರಿ ಮಾಡಿಕೊಂಡಿದ್ದರು. ಜುಲೈನಲ್ಲಿ ಪ್ರೊಗ್ರೆಸ್, ಆಗಸ್ಟ್‌ನಲ್ಲಿ ಜಪಾನಿನ ನೌಕೆ ತಲುಪಿದವು. ಬಳಸಿದ ನೀರನ್ನು ಶುದ್ಧಮಾಡಿ ಮತ್ತೆ ಬಳಸುವ ಯಂತ್ರವೂ ಅಲ್ಲಿದೆ. ಬೆವರು, ಮೂತ್ರ ಎಲ್ಲವನ್ನೂ ಸೇರಿಸಿ ಶೇಕಡ 98ರಷ್ಟು ನೀರನ್ನು ಮರಳಿ ಪಡೆಯುವ ಮಟ್ಟವನ್ನು ಅಮೆರಿಕದ ವಿಭಾಗ 2023ರಲ್ಲಿ ಮುಟ್ಟಿತು. ಮೇಲೆ ಉಳಿಸಿದ ಒಂದೊಂದು ಲೀಟರ್ ನೀರೂ ಕೆಳಗಿನಿಂದ ಹೊರಬೇಕಿಲ್ಲದ ಒಂದೊಂದು ಕಿಲೋ.

ಧಾರವಾಡದ ಹೆಸರುಕಾಳು

2025ರ ಜೂನ್ 26ರಂದು ಶುಭಾಂಶು ಶುಕ್ಲಾ ಆ ನಿಲ್ದಾಣ ಪ್ರವೇಶಿಸಿದ ಮೊದಲ ಭಾರತೀಯರಾದರು. ಅವರು ಮಾಡಿದ ಪ್ರಯೋಗಗಳಲ್ಲಿ ಒಂದು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು: ತೂಕವಿಲ್ಲದ ಕಡೆ ಹೆಸರುಕಾಳು, ಮೆಂತ್ಯದ ಮೊಳಕೆ ಬರಿಸುವುದು. ನಮ್ಮ ಅಡುಗೆಮನೆಯ ಕೋಸಂಬರಿ ಕಾಳಿಗೆ ಅಲ್ಲೇನು ಕೆಲಸ ಎಂದು ನಗಬೇಡಿ. ಒಂದು ಹಿಡಿ ಒಣಕಾಳು ಹಗುರ, ಕೆಡುವುದಿಲ್ಲ, ನೀರು ತಾಗಿದರೆ ಕೆಲವೇ ದಿನಗಳಲ್ಲಿ ಹಸಿ ತರಕಾರಿಯಾಗುತ್ತದೆ. ಸರಬರಾಜಿನ ನೌಕೆ ತಲುಪಲಾರದ ದೂರಕ್ಕೆ, ಉದಾಹರಣೆಗೆ ಮಂಗಳಕ್ಕೆ, ಹೋಗುವವರಿಗೆ ಅದರ ಬೆಲೆ ಏನೆಂದು ನೀವೇ ಊಹಿಸಿ.

ಅದೇ ವರ್ಷದ ಜನವರಿ 16ರಂದು ಇಸ್ರೋ ಸಂಸ್ಥೆ ಸುಮಾರು 220 ಕಿಲೋ ತೂಕದ ಎರಡು ಉಪಗ್ರಹಗಳನ್ನು ಬೆಂಗಳೂರಿನಿಂದ ನಿಯಂತ್ರಿಸಿ ಕಕ್ಷೆಯಲ್ಲಿ ಜೋಡಿಸಿತು. ಸ್ಪೇಡೆಕ್ಸ್ ಎಂಬ ಈ ಪ್ರಯೋಗದಿಂದ ಜೋಡಣೆಯ ವಿದ್ಯೆ ಬಲ್ಲ ನಾಲ್ಕನೆಯ ದೇಶ ನಮ್ಮದಾಯಿತು. 2035ರ ಹೊತ್ತಿಗೆ ಸ್ವಂತ ನಿಲ್ದಾಣ ಕಟ್ಟುವ ಗುರಿಯನ್ನು ಭಾರತ ಇಟ್ಟುಕೊಂಡಿದೆ. ಮನೆ ಕಟ್ಟುವವರು ಮೊದಲು ದಾರಿಯನ್ನೂ ನೀರನ್ನೂ ನೋಡುತ್ತಾರೆ. ಸ್ಪೇಡೆಕ್ಸ್ ಆ ದಾರಿಯ ಮೊದಲ ಅಳತೆ.

ಮಿತ್ರರೇ, ನಿಮಗೊಂದು ಮನೆಗೆಲಸ. ನಿಮ್ಮ ಮನೆಯಲ್ಲಿ ಒಂದು ದಿನಕ್ಕೆ ಒಬ್ಬರಿಗೆ ಎಷ್ಟು ನೀರು, ಎಷ್ಟು ಆಹಾರ ಬೇಕಾಗುತ್ತದೆ, ಎಷ್ಟು ಕಸ ಬೀಳುತ್ತದೆ ಎಂದು ತೂಗಿ ಬರೆದಿಡಿ. ಅದನ್ನು ಮೂವರಿಗೆ, ಆರು ತಿಂಗಳಿಗೆ ಗುಣಿಸಿ. ಬಂದ ಮೊತ್ತವನ್ನು ಪ್ರೊಗ್ರೆಸ್ ಹೊರುವ 2.3 ಟನ್ನಿನಿಂದ ಭಾಗಿಸಿ. ಎಷ್ಟು ನೌಕೆ ಬೇಕಾದವು? ಯಾವುದನ್ನು ಬಿಡಬಹುದು, ಯಾವುದನ್ನು ಮತ್ತೆ ಬಳಸಬಹುದು? ಈ ಲೆಕ್ಕಕ್ಕೆ ಕುಳಿತವರು ನಿಲ್ದಾಣದ ಎಂಜಿನಿಯರುಗಳು ಅರ್ಧ ಶತಮಾನದಿಂದ ಬಿಡಿಸುತ್ತಿರುವ ಸಮಸ್ಯೆಯನ್ನೇ ಕೈಗೆತ್ತಿಕೊಂಡಂತೆ. ಮುಂದಿನ ಸಲ ಗಗನಯಾತ್ರಿಯ ನಗುಮುಖ ನಮ್ಮ ಪರದೆಯ ಮೇಲೆ ಬಂದಾಗ, ಅವರ ಹಿಂದಿನ ಗೋಡೆಗೆ ಕಟ್ಟಿರುವ ಬಿಳಿಯ ಚೀಲಗಳನ್ನೂ ಒಮ್ಮೆ ನೋಡಿ.